ಕರುಳಿನ ಇಕ್ಕಟ್ಟಿಗೆ ಕತ್ತರಿಯಿಲ್ಲದ ಚಿಕಿತ್ಸೆ

“ಊಟ ಬಲ್ಲವನಿಗೆ ರೋಗವಿಲ್ಲ” ಎಂಬ ಗಾದೆಯಲ್ಲಿ ಬಹಳಷ್ಟು ಸತ್ಯವಿದೆ. ಆದರೆ ಹಿತಮಿತವಾಗಿ ಉಣ್ಣುವವರನ್ನೂ ಬಿಡದೆ ಕಾಡುವ ಕರುಳಿನ ಕಾಯಿಲೆಗಳು ಕೆಲವಿವೆ. ಕರುಳಿನ ಗೋಡೆಯಲ್ಲಿ ಉರಿಯೂತ ವರ್ಷಗಟ್ಟಲೆ ನೆಲೆನಿಂತು, ಕೊನೆಗೆ ಆಹಾರ ಸಾಗುವ ದಾರಿಯೇ ಇಕ್ಕಟ್ಟಾಗುವ ಸ್ಥಿತಿ ಅವುಗಳಲ್ಲೊಂದು.

ಈ ಇಕ್ಕಟ್ಟಿನ ಲಕ್ಷಣಗಳು ಮೊದಮೊದಲು ತೀರ ಸಾಮಾನ್ಯವಾಗಿ ಕಾಣುತ್ತವೆ. ಊಟವಾದ ಒಂದೆರಡು ಗಂಟೆಗಳಲ್ಲಿ ಹೊಕ್ಕುಳ ಸುತ್ತ ಹಿಂಡಿದಂತೆ ನೋವು, ಗುಡುಗುಡು ಸದ್ದು, ಹೊಟ್ಟೆಯುಬ್ಬರ, ಒಮ್ಮೊಮ್ಮೆ ವಾಂತಿ; ಆಮೇಲೆ ಒಳಗೆ ಏನೋ ಸಡಿಲವಾದಂತೆ ನೋವು ಇಳಿಯುತ್ತದೆ. ಖಾರಘರ, ಪನವೇಲ, ಡೊಂಬಿವಲಿ, ಕಲ್ಯಾಣಗಳಿಂದ ಬೆಳಗಿನ ಲೋಕಲ್ ಹಿಡಿದು ಹೊರಟು ರಾತ್ರಿ ಮನೆ ಸೇರುವವರು, ಹೋಟೆಲು ಕ್ಯಾಂಟೀನುಗಳಲ್ಲಿ ಇತರರಿಗೆ ಬಡಿಸಿ ತಾವು ಹೊತ್ತು ಮೀರಿ ಉಣ್ಣುವವರು ಇದಕ್ಕೆ ‘ಗ್ಯಾಸ್’ ಎಂದೋ ‘ಪಿತ್ತ’ ಎಂದೋ ತಾವೇ ಹೆಸರಿಟ್ಟು, ಔಷಧದಂಗಡಿಯ ಗುಳಿಗೆಯಲ್ಲಿ ದಿನ ದೂಡುತ್ತಾರೆ. ಕ್ರಮೇಣ ರೋಗಿಗೆ ಊಟವೆಂದರೆ ಭಯ ಹುಟ್ಟುತ್ತದೆ, ತಟ್ಟೆಯ ಮುಂದೆ ಕುಳಿತವನು ಅರ್ಧಕ್ಕೇ ಏಳುತ್ತಾನೆ, ಮೈ ಇಳಿಯುತ್ತದೆ. ಒಂದು ದಿನ ಕರುಳು ಪೂರ್ತಿ ಕಟ್ಟಿಕೊಂಡು ಆಸ್ಪತ್ರೆಗೆ ಒಯ್ಯಬೇಕಾದಾಗಲೇ ಮನೆಯವರಿಗೆ ಕಾಯಿಲೆಯ ಗಾಂಭೀರ್ಯ ತಿಳಿಯುವುದು.

ಹಿಂದೆ ಇಂಥವರಿಗೆ ಹೊಟ್ಟೆ ಕೊಯ್ದು ಕರುಳಿನ ಭಾಗವನ್ನು ತೆಗೆದುಹಾಕುವುದೊಂದೇ ದಾರಿಯಾಗಿತ್ತು. ಇಂದು ಆಯ್ದ ರೋಗಿಗಳಲ್ಲಿ ಗುದದ್ವಾರದ ಮೂಲಕ ಅಂತರ್ದರ್ಶಕವನ್ನು, ಅಂದರೆ ಮುಂಬಯಿಯ ಜನ ‘ದುರ್ಬೀನು’ ಎಂದು ಕರೆಯುವ ಎಂಡೋಸ್ಕೋಪನ್ನು, ತೂರಿಸಿ ಇಕ್ಕಟ್ಟಿನ ಜಾಗವನ್ನು ಒಳಗಿನಿಂದಲೇ ಅಗಲಿಸಬಹುದು. ಆದರೆ ಈ ಚಿಕಿತ್ಸೆಯ ಫಲ ಉಪಕರಣವೊಂದನ್ನೇ ಅವಲಂಬಿಸಿಲ್ಲ. ಇಕ್ಕಟ್ಟು ಯಾವ ಕಾಯಿಲೆಯಿಂದ ಬಂದದ್ದು, ಅದು ಊತವೋ ಗಾಯದ ಕಲೆಯೋ ಎಂಬ ನಿರ್ಣಯ ಮೊದಲಾಗಬೇಕು. ಅಗಲಿಸುವುದೋ, ಕತ್ತರಿಸುವುದೋ, ಔಷಧ ಕೊಡುವುದೋ ಎಂಬ ಪ್ರಶ್ನೆ ಆಮೇಲಿನದು.

ಕಾಯಿಲೆಯ ಪರಿಚಯ

ಕರುಳಿನ ದೀರ್ಘಕಾಲದ ಉರಿಯೂತಗಳಲ್ಲಿ ಮುಖ್ಯವಾದವು ಎರಡು. ‘ಅಲ್ಸರೇಟಿವ್ ಕೊಲೈಟಿಸ್’ ದೊಡ್ಡ ಕರುಳಿಗೆ ಸೀಮಿತವಾದದ್ದು. ಅದು ಮುಖ್ಯವಾಗಿ ಒಳಪದರವನ್ನು ಕೆರಳಿಸುತ್ತದೆ. ರಕ್ತ, ಲೋಳೆ ಬೆರೆತ ಬೇಧಿ ಅದರ ಪ್ರಧಾನ ಲಕ್ಷಣ. ಎರಡನೆಯದು ‘ಕ್ರೋನ್ಸ್ ಕಾಯಿಲೆ’. ಇದು ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ತಲೆದೋರಬಹುದಾದರೂ, ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಸಂಧಿಯಲ್ಲಿ, ಎಂದರೆ ಬಲಗಡೆಯ ಕಿಬ್ಬೊಟ್ಟೆಯಲ್ಲಿ, ಹೆಚ್ಚಾಗಿ ಕಾಣಿಸುತ್ತದೆ. ಇದು ಒಳಪದರದಲ್ಲಿ ನಿಲ್ಲದೆ ಗೋಡೆಯ ಇಡೀ ದಪ್ಪವನ್ನು ವ್ಯಾಪಿಸುತ್ತದೆ. ಆದುದರಿಂದಲೇ ಇಕ್ಕಟ್ಟು, ಕೀವುಗಟ್ಟುವಿಕೆ, ಒಂದು ಕರುಳಿನಿಂದ ಇನ್ನೊಂದಕ್ಕೆ ಸುರಂಗ ಬೀಳುವುದು ಮುಂತಾದ ತೊಡಕುಗಳು ಕ್ರೋನ್ಸ್ ಕಾಯಿಲೆಯಲ್ಲೇ ಹೆಚ್ಚು.

1913ರಲ್ಲಿ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಕೆನೆಡಿ ಡಾಲ್ಜೀಲ್ ಅವರು ಇಂಥ ರೋಗಿಗಳನ್ನು ವರ್ಣಿಸಿ ಲೇಖನ ಬರೆದಿದ್ದರೂ ಅದು ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್, ಗಾರ್ಡನ್ ಒಪೆನ್‌ಹೈಮರ್ ಈ ಮೂವರು ಪ್ರಕಟಿಸಿದ ಪ್ರಬಂಧದಿಂದ ಕಾಯಿಲೆ ವೈದ್ಯಲೋಕಕ್ಕೆ ಪರಿಚಿತವಾಯಿತು. ಮೊದಲ ಹೆಸರೇ ರೋಗಕ್ಕೆ ಅಂಟಿಕೊಂಡಿತು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರನ್ನೂ ಇದು ಬಿಡಲಿಲ್ಲ. 1956ರ ಜೂನ್ ತಿಂಗಳಲ್ಲಿ ಕರುಳು ಕಟ್ಟಿಕೊಂಡಾಗ ಅವರಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಇಕ್ಕಟ್ಟಾದ ಭಾಗವನ್ನು ಬಳಸಿ ಆಹಾರಕ್ಕೆ ಬೇರೆ ದಾರಿ ಮಾಡಿಕೊಡಲಾಯಿತು. ಅದೇ ವರ್ಷ ನವೆಂಬರಿನಲ್ಲಿ ಅವರು ಮತ್ತೆ ಚುನಾವಣೆ ಗೆದ್ದರು.

ಇದು ಪಾಶ್ಚಾತ್ಯರ ಕಾಯಿಲೆ, ಭಾರತದಲ್ಲಿ ಇಲ್ಲ ಎಂಬ ಭಾವನೆ ಬಹುಕಾಲ ಇತ್ತು. ಪಂಜಾಬಿನಲ್ಲಿ ಸುಮಾರು 52,000 ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ ನಡೆಸಿದ ಸಮೀಕ್ಷೆಯೊಂದು 2003ರಲ್ಲಿ ಪ್ರಕಟವಾಯಿತು. ಅದರಂತೆ ಲಕ್ಷಕ್ಕೆ ಸುಮಾರು 44 ಜನರಲ್ಲಿ ಅಲ್ಸರೇಟಿವ್ ಕೊಲೈಟಿಸ್ ಇತ್ತು. ಕ್ರೋನ್ಸ್ ಕಾಯಿಲೆಯೂ ಈಗ ಇಲ್ಲಿನ ದೊಡ್ಡ ಆಸ್ಪತ್ರೆಗಳಿಗೆ ಅಪರಿಚಿತವಲ್ಲ. ಹೆಚ್ಚಾಗಿ ಹರೆಯದವರಲ್ಲಿ, ಓದು ಮುಗಿಸಿ ಕೆಲಸಕ್ಕೆ ಸೇರುವ ವಯಸ್ಸಿನಲ್ಲಿ, ಇದು ಆರಂಭವಾಗುತ್ತದೆ. ಇದು ಅಂಟುರೋಗವಲ್ಲ, ಖಾರ ತಿಂದುದರಿಂದ ಬರುವಂಥದೂ ಅಲ್ಲ. ಹುಟ್ಟಿನಿಂದ ಬಂದ ಒಲವು, ಪರಿಸರ, ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಇವೆಲ್ಲ ಕೂಡಿ ದೇಹದ ರಕ್ಷಣಾಶಕ್ತಿಯೇ ಕರುಳಿನ ಮೇಲೆ ತಿರುಗಿಬೀಳುವುದು ಇದರ ಬಗೆ. ಹೀಗಿರುವಲ್ಲಿ ರೋಗಿಯನ್ನಾಗಲಿ, ಅಡಿಗೆ ಮಾಡಿದವರನ್ನಾಗಲಿ ದೂರುವುದು ಸಲ್ಲದು.

ಕರುಳು ಕಿರಿದಾಗುವ ಬಗೆ

ಕೈಗೆ ಆಳವಾದ ಸುಟ್ಟಗಾಯವಾದರೆ ಮೊದಲು ಜಾಗ ಊದುತ್ತದೆ. ಗಾಯ ಮಾಗಿದ ಮೇಲೆ ಚರ್ಮ ಬಿಗಿದು ಕಲೆ ಉಳಿಯುತ್ತದೆ. ಕರುಳಿನಲ್ಲೂ ನಡೆಯುವುದು ಇದೇ. ಉರಿಯೂತದಿಂದ ಗೋಡೆ ಊದಿದಾಗ ಒಳದಾರಿ ಕಿರಿದಾಗುತ್ತದೆ. ಈ ಬಗೆಯ ಇಕ್ಕಟ್ಟು ಔಷಧಕ್ಕೆ ಬಗ್ಗುತ್ತದೆ. ಆದರೆ ಹುಣ್ಣು ಮಾಯುವುದು, ಮತ್ತೆ ಕೆರಳುವುದು, ಮತ್ತೆ ಮಾಯುವುದು ಹೀಗೆ ವರ್ಷಗಳು ಕಳೆದರೆ ಗೋಡೆಯಲ್ಲಿ ನಾರಿನಂಥ ಗಟ್ಟಿ ಅಂಗಾಂಶ ಬೆಳೆದು ಕರುಳು ಉಂಗುರ ಹಾಕಿದಂತೆ ಬಿಗಿಯುತ್ತದೆ. ಈ ಕಲೆಯನ್ನು ಕರಗಿಸುವ ಗುಳಿಗೆ ಇದುವರೆಗೆ ಬಂದಿಲ್ಲ. ಅನೇಕ ರೋಗಿಗಳಲ್ಲಿ ಊತ, ಕಲೆ ಎರಡೂ ಒಂದೇ ಜಾಗದಲ್ಲಿ ಬೆರೆತಿರುತ್ತವೆ. ಯಾವುದು ಎಷ್ಟು ಎಂಬುದನ್ನು ರಕ್ತ ಮತ್ತು ಮಲದ ಪರೀಕ್ಷೆ, ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರಗಳು, ಅಂತರ್ದರ್ಶಕದ ನೋಟ ಇವುಗಳನ್ನು ಕೂಡಿಸಿ ವೈದ್ಯರು ಅಂದಾಜು ಮಾಡುತ್ತಾರೆ.

ಕ್ಷಯವೋ, ಕ್ರೋನ್ಸ್ ಕಾಯಿಲೆಯೋ?

ಭಾರತದ ರೋಗಿಗೆ ಇನ್ನೊಂದು ತೊಡಕುಂಟು. ಕ್ಷಯವೆಂದರೆ ಶ್ವಾಸಕೋಶದ ಕಾಯಿಲೆಯೆಂದೇ ಜನ ತಿಳಿಯುತ್ತಾರೆ. ಆದರೆ ಅದು ಕರುಳಿಗೂ ತಗಲುತ್ತದೆ, ಅದೂ ಸಣ್ಣ ಕರುಳು ದೊಡ್ಡ ಕರುಳು ಕೂಡುವ ಅದೇ ಸಂಧಿಯಲ್ಲಿ. ಅದೇ ನೋವು, ಅದೇ ಕೃಶತೆ, ಅದೇ ಹುಣ್ಣು, ಅದೇ ಇಕ್ಕಟ್ಟು! ಮಾಂಸದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಎಷ್ಟೋ ಸಲ ನಿರ್ಣಯವಾಗುವುದಿಲ್ಲ.

ಈ ಗೊಂದಲವನ್ನು ಬಿಡಿಸುವುದರಲ್ಲಿ ಮುಂಬಯಿಯ ವೈದ್ಯರ ಪಾತ್ರವೂ ಇದೆ. ನಗರದ ಹೆಸರಾಂತ ಉದರತಜ್ಞ ಡಾ. ದೀಪಕ್ ಅಮರಾಪುರಕರ್ ಅವರು ಸಂಗಡಿಗರೊಡನೆ, ಕ್ಷಯ ವ್ಯಾಪಕವಾಗಿರುವ ಭಾರತದಲ್ಲಿ ಕ್ರೋನ್ಸ್ ಕಾಯಿಲೆಯನ್ನು ಗುರುತಿಸುವ ಬಗೆಯನ್ನು ಕುರಿತು 2008ರಲ್ಲಿ ಪ್ರಬಂಧ ಪ್ರಕಟಿಸಿದರು. ದೀರ್ಘಕಾಲದಿಂದ ಎಳೆದುಕೊಂಡು ಬಂದ ಬೇಧಿ, ಮಲದಲ್ಲಿ ರಕ್ತ, ಗುದದ ಸುತ್ತ ಹುಣ್ಣು ಅಥವಾ ಭಗಂದರ ಇದ್ದರೆ ಕ್ರೋನ್ಸ್ ಕಡೆಗೂ, ಕೆಲವೇ ತಿಂಗಳ ಕಾಯಿಲೆಯೊಡನೆ ಜ್ವರ, ಹೊಟ್ಟೆಯಲ್ಲಿ ನೀರು ಇದ್ದರೆ ಕ್ಷಯದ ಕಡೆಗೂ ತಕ್ಕಡಿ ವಾಲುತ್ತದೆ. 2017ರ ಆಗಸ್ಟ್ 29ರ ಮಹಾಮಳೆಯಲ್ಲಿ ತೆರೆದ ಮ್ಯಾನ್‌ಹೋಲಿಗೆ ಬಿದ್ದು ಡಾ. ಅಮರಾಪುರಕರ್ ಅಸುನೀಗಿದ್ದನ್ನು ಮುಂಬಯಿಗರು ಮರೆತಿರಲಾರರು. ಅವರಂಥವರು ಕಲೆಹಾಕಿದ ತಿಳಿವು ಇಂದಿಗೂ ರೋಗಿಗಳ ಉಪಯೋಗಕ್ಕೆ ಬರುತ್ತಿದೆ.

ನಿರ್ಣಯದಲ್ಲಿ ತಪ್ಪಿದರೆ ಎರಡು ಕಡೆಯಿಂದಲೂ ನಷ್ಟ. ಕ್ಷಯವನ್ನು ಕ್ರೋನ್ಸ್ ಎಂದು ತಿಳಿದು ಸ್ಟೀರಾಯ್ಡ್ ಕೊಟ್ಟರೆ ಕ್ಷಯ ಭುಗಿಲೇಳುತ್ತದೆ. ಕ್ರೋನ್ಸನ್ನು ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಸಿದರೆ ಉರಿಯೂತ ಒಳಗೊಳಗೇ ಮುಂದುವರಿದು ಕಲೆ ಬಲಿಯುತ್ತದೆ. ಹೀಗೆ ಕ್ಷಯದ ಚಿಕಿತ್ಸೆ ಪಡೆದ ಕ್ರೋನ್ಸ್ ರೋಗಿಗಳಲ್ಲಿ ಇಕ್ಕಟ್ಟುಗಳು ಹೆಚ್ಚಾಗಿ ತಲೆದೋರುವುದನ್ನು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ತಜ್ಞರು ತೋರಿಸಿಕೊಟ್ಟಿದ್ದಾರೆ. ಆದುದರಿಂದ ಸಂದೇಹವಿದ್ದು ಕ್ಷಯದ ಔಷಧ ಆರಂಭಿಸಿದಲ್ಲಿ, ಎರಡು ಮೂರು ತಿಂಗಳ ಬಳಿಕ ಮತ್ತೊಮ್ಮೆ ಅಂತರ್ದರ್ಶಕದಿಂದ ಪರೀಕ್ಷಿಸಿ ಹುಣ್ಣು ಮಾಗಿದೆಯೇ ಎಂದು ನೋಡುವುದು ಅವಶ್ಯ. ರೋಗಿಗೆ ಸ್ವಲ್ಪ ಗುಣವೆನಿಸಿತೆಂದು ಈ ಮರುಪರೀಕ್ಷೆಯನ್ನು ತಪ್ಪಿಸುವುದು ಸರಿಯಲ್ಲ. ಕ್ಷಯವೇ ಆಗಿದ್ದರೂ, ಔಷಧದಿಂದ ರೋಗಾಣು ನಾಶವಾದ ಮೇಲೂ ಗಾಯದ ಕಲೆಯ ಇಕ್ಕಟ್ಟು ಉಳಿದುಕೊಳ್ಳಬಹುದು.

ಶಸ್ತ್ರಚಿಕಿತ್ಸೆಯ ದಾರಿ

ಸಣ್ಣ ಕರುಳಿನ ಉದ್ದ ಸುಮಾರು 6 ಮೀಟರು. ಅದರಿಂದ ಅರ್ಧ ಅಡಿ ಕತ್ತರಿಸಿ ತೆಗೆದರೆ ನಷ್ಟವೇನೆಂದು ಯಾರಿಗಾದರೂ ಅನಿಸಬಹುದು. ಒಂದು ಸಲಕ್ಕೆ ನಿಜಕ್ಕೂ ದೊಡ್ಡ ನಷ್ಟವಿಲ್ಲ. ಆದರೆ ಕ್ರೋನ್ಸ್ ಕಾಯಿಲೆ ಕತ್ತರಿಯೊಂದಿಗೆ ಹೋಗುವಂಥದಲ್ಲ. ಹೊಲಿದು ಜೋಡಿಸಿದ ಜಾಗದಲ್ಲೇ ಮರಳಿ ಹುಟ್ಟುವುದು ಅದರ ಸ್ವಭಾವ. ಬೆಲ್ಜಿಯಂ ದೇಶದ ಪಾಲ್ ರುಟ್‌ಗೀರ್ಟ್ಸ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯಾದ ಒಂದು ವರ್ಷದೊಳಗೆ ನೂರಕ್ಕೆ 73 ಜನರಲ್ಲಿ ಜೋಡಣೆಯ ಬಳಿ ಹೊಸ ಹುಣ್ಣುಗಳು ಕಂಡುಬಂದವು. ಅವರಲ್ಲಿ ಹೆಚ್ಚಿನವರಿಗೆ ಆಗಿನ್ನೂ ಯಾವ ತೊಂದರೆಯೂ ಅನಿಸಿರಲಿಲ್ಲ. ಹೀಗೆ ಎರಡು, ಮೂರು ಸಲ ಕರುಳು ಕಳೆದುಕೊಂಡು, ಉಳಿದ ಸಣ್ಣ ಕರುಳು 2 ಮೀಟರಿಗಿಂತ ಕಡಿಮೆಯಾದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಸಾಮಾನ್ಯವಾಗಿ ಕತ್ತರಿಗೆ ತುತ್ತಾಗುವ ಸಣ್ಣ ಕರುಳಿನ ಕೊನೆಯ ಭಾಗವೇ ಬಿ-12 ಜೀವಸತ್ವವನ್ನು ಹೀರುವ ಜಾಗವೆಂಬುದನ್ನೂ ನೆನೆಯಬೇಕು. ಇಪ್ಪತ್ತೈದರ ಹರೆಯದ ರೋಗಿಯ ಮುಂದೆ ಇನ್ನೂ ನಾಲ್ಕೈದು ದಶಕಗಳ ಬಾಳು ಇರುವಾಗ ಕರುಳಿನ ಪ್ರತಿ ಅಂಗುಲಕ್ಕೂ ಬೆಲೆಯುಂಟು.

ಕರುಳನ್ನು ಉಳಿಸುವ ಈ ವಿಚಾರದಲ್ಲಿ ಭಾರತೀಯ ಶಸ್ತ್ರವೈದ್ಯರ ಕೊಡುಗೆ ಗಮನಾರ್ಹವಾದದ್ದು. ಕ್ಷಯದಿಂದ ಹಲವು ಕಡೆ ಇಕ್ಕಟ್ಟಾದ ಕರುಳನ್ನು ತೆಗೆದುಹಾಕದೆ, ಇಕ್ಕಟ್ಟಿನ ಜಾಗವನ್ನು ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿದು ಅಗಲಮಾಡುವ ವಿಧಾನವನ್ನು ಆರ್. ಎನ್. ಕಟಾರಿಯಾ ಮತ್ತು ಸಂಗಡಿಗರು 1977ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ಪತ್ರಿಕೆಯಲ್ಲಿ ವರದಿಮಾಡಿದರು. ಐದು ವರ್ಷಗಳ ಬಳಿಕ, 1982ರಲ್ಲಿ, ಆಕ್ಸ್‌ಫರ್ಡಿನ ಇಮ್ಯಾನುಯೆಲ್ ಲೀ ಅವರು ಇದೇ ಉಪಾಯವನ್ನು ಕ್ರೋನ್ಸ್ ರೋಗಿಗಳಲ್ಲಿ ಪ್ರಯೋಗಿಸಿದ ವರದಿ ಬಂದಿತು. ಬಡವರ ಕಾಯಿಲೆಯೆಂದು ಹೆಸರಾದ ಕ್ಷಯದಿಂದ ಕಲಿತ ಪಾಠ ಹೀಗೆ ಸಿರಿವಂತ ದೇಶಗಳ ರೋಗಿಗಳ ಕರುಳನ್ನು ಉಳಿಸಿತು.

ದುರ್ಬೀನು ಒಳಹೊಕ್ಕ ಬಗೆ

ಹೊಟ್ಟೆ ಕೊಯ್ಯದೆ ಕರುಳಿನ ಒಳಗನ್ನು ನೋಡುವುದು ಸಾಧ್ಯವಾದದ್ದು ಗಾಜಿನ ಎಳೆಗಳಿಂದ. ಬಗ್ಗಿದ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು ಪಂಜಾಬಿನಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಮತ್ತು ಅವರ ಗುರು ಹೆರಾಲ್ಡ್ ಹಾಪ್ಕಿನ್ಸ್ 1954ರಲ್ಲಿ ಲಂಡನ್ನಿನಿಂದ ಪ್ರಕಟಿಸಿದರು. 1957ರಲ್ಲಿ ಅಮೆರಿಕದ ಬೇಸಿಲ್ ಹರ್ಷೋವಿಟ್ಸ್ ತಾವೇ ರೂಪಿಸಿದ ಬಳುಕುವ ದರ್ಶಕವನ್ನು ಮೊದಲು ತಮ್ಮ ಗಂಟಲಿನಲ್ಲೇ ಇಳಿಸಿಕೊಂಡು ಪರೀಕ್ಷಿಸಿದರು. 1969ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ದೊಡ್ಡ ಕರುಳಿನೊಳಗಿನ ಗಂಟುಗಳನ್ನು ದರ್ಶಕದ ಮೂಲಕವೇ ಕತ್ತರಿಸಿ ತೆಗೆಯತೊಡಗಿದ್ದರು. ನೋಡುವ ಉಪಕರಣ ಹೀಗೆ ಚಿಕಿತ್ಸೆಯ ಉಪಕರಣವೂ ಆಯಿತು.

1977ರಲ್ಲಿ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ರಕ್ತನಾಳವನ್ನು ಬಲೂನಿನಿಂದ ಅಗಲಿಸಿದರು. ಇಂದು ‘ಆಂಜಿಯೋಪ್ಲಾಸ್ಟಿ’ ಎಂಬ ಹೆಸರು ಮನೆಮಾತಾಗಿದೆ. ಅದೇ ತತ್ತ್ವವನ್ನು ಅನುಸರಿಸಿ 1980ರ ದಶಕದಿಂದ ಕ್ರೋನ್ಸ್ ರೋಗಿಗಳ ಕರುಳಿನ ಇಕ್ಕಟ್ಟನ್ನೂ ಬಲೂನಿನಿಂದ ಅಗಲಿಸುವ ಪ್ರಯತ್ನಗಳು ನಡೆದವು. ಸಣ್ಣ ಕರುಳಿನ ನಡುಭಾಗ ಮಾತ್ರ ಎರಡು ಕಡೆಯಿಂದಲೂ ದೂರವಾಗಿ ಉಳಿದಿತ್ತು. ಜಪಾನಿನ ಹಿರೋನೋರಿ ಯಮಾಮೊಟೊ 2001ರಲ್ಲಿ ಪ್ರಕಟಿಸಿದ ಜೋಡಿ ಬಲೂನಿನ ದರ್ಶಕದಿಂದ ಅಲ್ಲಿಗೂ ತಲುಪುವಂತಾಯಿತು.

ಚಿಕಿತ್ಸೆ ನಡೆಯುವ ರೀತಿ

ಮೊದಲು ಸ್ಕ್ಯಾನಿನಿಂದ ಇಕ್ಕಟ್ಟು ಎಲ್ಲಿದೆ, ಎಷ್ಟು ಉದ್ದವಿದೆ, ಎಷ್ಟು ಕಡೆ ಇದೆ, ಪಕ್ಕದಲ್ಲಿ ಕೀವುಗಡ್ಡೆ ಅಥವಾ ಸುರಂಗ ಇದೆಯೇ ಎಂದು ನಕ್ಷೆಯಂತೆ ತಿಳಿದುಕೊಳ್ಳುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿರುವವರು ಅದನ್ನು ಮುಂಚಿತವಾಗಿ ವೈದ್ಯರಿಗೆ ತಿಳಿಸಬೇಕು. ಸಾಮಾನ್ಯವಾಗಿ ಹಿಂದಿನ ದಿನ ದ್ರವಾಹಾರ ಕೊಟ್ಟು, ಬೇಧಿ ಮಾಡಿಸುವ ದ್ರಾವಣ ಕುಡಿಸಿ ಕರುಳನ್ನು ಶುಚಿಗೊಳಿಸುತ್ತಾರೆ. ಇಕ್ಕಟ್ಟು ತೀವ್ರವಾಗಿರುವವರಿಗೆ ಈ ದ್ರಾವಣವೇ ಅಪಾಯ ತರಬಹುದಾದುದರಿಂದ ಎಷ್ಟು, ಹೇಗೆ ಕುಡಿಯಬೇಕೆಂಬುದನ್ನು ವೈದ್ಯರೇ ನಿರ್ಧರಿಸುತ್ತಾರೆ. ಪಕ್ಕದ ಮನೆಯವರಿಗೆ ಕೊಟ್ಟ ಚೀಟಿಯಂತೆ ನಡೆದುಕೊಳ್ಳಕೂಡದು.

ಮರುದಿನ ನಿದ್ರೆ ಬರುವ ಔಷಧ ಕೊಟ್ಟು ಗುದದ್ವಾರದಿಂದ ದರ್ಶಕವನ್ನು ಇಕ್ಕಟ್ಟಿನವರೆಗೆ ಸಾಗಿಸುತ್ತಾರೆ. ದರ್ಶಕದ ಒಳಗಿರುವ ಕಿರುನಾಳದ ಮೂಲಕ, ಮಡಿಸಿದ ಕೊಡೆಯಂತೆ ಸುತ್ತಿಕೊಂಡಿರುವ ಬಲೂನನ್ನು ಹೊರಚಾಚಿ ಇಕ್ಕಟ್ಟಿನ ನಡುವೆ ನಿಲ್ಲಿಸುತ್ತಾರೆ. ಒತ್ತಡವನ್ನು ತೋರಿಸುವ ಮಾಪಕವಿರುವ ಕೈಪಂಪಿನಿಂದ ಬಲೂನಿಗೆ ನೀರು ತುಂಬುತ್ತಾರೆ. ಒಂದೇ ಬಲೂನು ಒತ್ತಡಕ್ಕೆ ತಕ್ಕಂತೆ 12, 13.5, 15 ಮಿಲಿಮೀಟರು ಹೀಗೆ ಹಂತಹಂತವಾಗಿ ಹಿಗ್ಗುತ್ತದೆ. ಇನ್ನೂ ದೊಡ್ಡವು 18, 20 ಮಿಲಿಮೀಟರಿನವರೆಗೆ ಹೋಗುತ್ತವೆ. ಪ್ರತಿ ಹಂತದಲ್ಲೂ ಸುಮಾರು ಒಂದು ನಿಮಿಷ ಹಿಡಿದು, ಆಮೇಲೆ ನೀರನ್ನು ಹಿಂದೆಗೆದು ಒಳಗೆ ರಕ್ತಸ್ರಾವವಾಗಲಿ ಸೀಳಾಗಲಿ ಆಗಿದೆಯೇ ಎಂದು ನೋಡುತ್ತಾರೆ. ಎಲ್ಲವನ್ನೂ ಒಂದೇ ದಿನ ಮುಗಿಸಬೇಕೆಂಬ ಹಟ ಇಲ್ಲಿ ಸಲ್ಲದು. ತೀರ ಕಿರಿದಾದ ಜಾಗವನ್ನು ಕೆಲವು ವಾರಗಳ ಅಂತರದಲ್ಲಿ ಎರಡು ಮೂರು ಸಲ ಅಗಲಿಸುವುದುಂಟು.

ಚಿಕಿತ್ಸೆಯ ಬಳಿಕ ಕೆಲವು ಗಂಟೆ ಆಸ್ಪತ್ರೆಯಲ್ಲೇ ನಿಗಾದಲ್ಲಿಟ್ಟು, ಹೊಟ್ಟೆ ಮೃದುವಾಗಿದ್ದರೆ ದ್ರವಾಹಾರ ಕೊಡುತ್ತಾರೆ. ಮನೆಗೆ ಬಂದ ಮೇಲೆ ಬಿಡದೆ ಏರುವ ಹೊಟ್ಟೆನೋವು, ಜ್ವರ, ಹೊಟ್ಟೆ ಹಲಗೆಯಂತೆ ಗಡುಸಾಗುವುದು, ಮಲದಲ್ಲಿ ಹೆಚ್ಚು ರಕ್ತ ಇವು ಕಂಡರೆ ಬೆಳಗಾಗಲೆಂದು ಕಾಯದೆ ಒಡನೆ ಆಸ್ಪತ್ರೆಗೆ ಧಾವಿಸಬೇಕು. ಕರುಳು ತೂತಾಗಿದ್ದರೆ ಗಂಟೆಗಂಟೆಗೂ ಅಪಾಯ ಹೆಚ್ಚುತ್ತದೆ. ಇದೇ ಕಾರಣಕ್ಕಾಗಿ, ತುರ್ತು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಯಲ್ಲಿ, ಈ ಕೆಲಸದಲ್ಲಿ ಪಳಗಿದವರಿಂದಲೇ ಬಲೂನು ಚಿಕಿತ್ಸೆ ಮಾಡಿಸಿಕೊಳ್ಳುವುದು ಉತ್ತಮ.

ಫಲವೆಷ್ಟು, ಅಪಾಯವೆಷ್ಟು?

ಹಲವು ದೇಶಗಳ 33 ಅಧ್ಯಯನಗಳನ್ನು ಕ್ರೋಡೀಕರಿಸಿ, 1,463 ಕ್ರೋನ್ಸ್ ರೋಗಿಗಳಲ್ಲಿ ಮಾಡಿದ 3,213 ಬಲೂನು ಚಿಕಿತ್ಸೆಗಳ ಫಲಿತಾಂಶವನ್ನು 2017ರಲ್ಲಿ ಪ್ರಕಟಿಸಲಾಯಿತು. ಅದರಂತೆ ನೂರಕ್ಕೆ 89ರಲ್ಲಿ ಇಕ್ಕಟ್ಟನ್ನು ಅಗಲಿಸುವುದು ಸಾಧ್ಯವಾಯಿತು. ನೂರಕ್ಕೆ ಸುಮಾರು 81ರಲ್ಲಿ ರೋಗಿಗೆ ಗುಣ ಕಂಡಿತು. ಕರುಳು ತೂತಾಗುವುದು, ರಕ್ತಸ್ರಾವ ಮುಂತಾದ ಗಂಭೀರ ತೊಡಕುಗಳು ನೂರಕ್ಕೆ 3ಕ್ಕಿಂತ ಕಡಿಮೆ. ಇಷ್ಟನ್ನೇ ಕೇಳಿ ಹಿಗ್ಗುವಂತಿಲ್ಲ. ಎರಡು ವರ್ಷಗಳೊಳಗೆ ನೂರಕ್ಕೆ ಸುಮಾರು 74 ಜನರಿಗೆ ಮತ್ತೆ ಬಲೂನು ಬೇಕಾಯಿತು. ಸುಮಾರು 43 ಜನರಿಗೆ ಕೊನೆಗೂ ಶಸ್ತ್ರಚಿಕಿತ್ಸೆಯಾಯಿತು. ಇದನ್ನು ಇನ್ನೊಂದು ಬದಿಯಿಂದ ನೋಡಿದರೆ, ಅರ್ಧಕ್ಕಿಂತ ಹೆಚ್ಚು ಜನ ಎರಡು ವರ್ಷ ಕತ್ತರಿಯಿಂದ ದೂರ ಉಳಿದರೆಂದಾಯಿತು. ಬಲೂನು ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ. ಕರುಳನ್ನು ಉಳಿಸಿಕೊಂಡು, ಔಷಧ ತನ್ನ ಕೆಲಸ ಮಾಡಲು ಕಾಲಾವಕಾಶ ದೊರಕಿಸಿಕೊಡುತ್ತದೆ.

ಇಕ್ಕಟ್ಟಿನ ಉದ್ದವೇ ಇಲ್ಲಿ ಮುಖ್ಯವಾದ ಅಂಶ. 5 ಸೆಂಟಿಮೀಟರು ಅಥವಾ ಅದಕ್ಕಿಂತ ಕಡಿಮೆ ಉದ್ದದ, ನೇರವಾದ ಇಕ್ಕಟ್ಟಿಗೆ ಬಲೂನು ಚೆನ್ನಾಗಿ ಒಗ್ಗುತ್ತದೆ. ಹಿಂದಿನ ಶಸ್ತ್ರಚಿಕಿತ್ಸೆಯ ಜೋಡಣೆಯಲ್ಲಿ ಬಂದ ಇಕ್ಕಟ್ಟಿಗೂ ಇದು ಅನುಕೂಲ. ಉದ್ದವಾದ, ತಿರುವುಳ್ಳ ಇಕ್ಕಟ್ಟು, ಪಕ್ಕದಲ್ಲಿ ಕೀವುಗಡ್ಡೆ ಅಥವಾ ಸುರಂಗ, ಆಳವಾದ ಹುಣ್ಣು, ಕ್ಯಾನ್ಸರಿನ ಸಂದೇಹ ಇವುಗಳಲ್ಲಿ ಯಾವುದಿದ್ದರೂ ಬಲೂನಿನ ಮಾತು ಬಿಟ್ಟು ಬೇರೆ ದಾರಿ ಹುಡುಕಬೇಕು. ಅಂಥಲ್ಲಿ ಶಸ್ತ್ರಚಿಕಿತ್ಸೆಯೇ ರೋಗಿಯ ಹಿತ. ಅದನ್ನು ಸೋಲೆಂದು ಭಾವಿಸಬೇಕಾಗಿಲ್ಲ. ಅಲ್ಸರೇಟಿವ್ ಕೊಲೈಟಿಸ್ ಬಹುಕಾಲದಿಂದ ಇರುವವರ ದೊಡ್ಡ ಕರುಳಿನಲ್ಲಿ ಇಕ್ಕಟ್ಟು ಕಂಡರಂತೂ, ಅಲ್ಲವೆಂದು ಖಚಿತವಾಗುವವರೆಗೆ ಅದನ್ನು ಕ್ಯಾನ್ಸರ್ ಎಂದೇ ಶಂಕಿಸಬೇಕೆಂಬುದು ವೈದ್ಯರ ನಿಯಮ.

ಬಲೂನಲ್ಲದೆ ಬೇರೆ ಉಪಾಯಗಳೂ ಬಂದಿವೆ. ಅಮೆರಿಕದಲ್ಲಿ ಬೊ ಶೆನ್ ಅವರು ಬೆಳೆಸಿದ ವಿಧಾನದಲ್ಲಿ ವಿದ್ಯುತ್ತಿನಿಂದ ಕೆಲಸ ಮಾಡುವ ಸೂಜಿಯಂಥ ಚಾಕುವಿನಿಂದ ಕಲೆಯ ಉಂಗುರವನ್ನು ಒಳಗಿನಿಂದ ಸೀಳಲಾಗುತ್ತದೆ. ಗಟ್ಟಿಯಾದ ಇಕ್ಕಟ್ಟಿಗೆ ಇದು ಉಪಯುಕ್ತವಾದರೂ ರಕ್ತಸ್ರಾವದ ಭಯ ಹೆಚ್ಚು. ಲೋಹದ ಜಾಲರಿಯ ಕೊಳವೆಯನ್ನು ಕೆಲವು ವಾರ ಇಟ್ಟು ತೆಗೆಯುವ ಪದ್ಧತಿಯೂ ಉಂಟು. ಸ್ಪೇನ್ ದೇಶದಲ್ಲಿ ನಡೆದು 2022ರಲ್ಲಿ ಪ್ರಕಟವಾದ ತುಲನೆಯಲ್ಲಿ, ಒಂದು ವರ್ಷದವರೆಗೆ ಮತ್ತಾವ ಚಿಕಿತ್ಸೆಯೂ ಬೇಡವಾದವರು ಬಲೂನಿನ ಗುಂಪಿನಲ್ಲಿ ನೂರಕ್ಕೆ 80, ಜಾಲರಿಯ ಗುಂಪಿನಲ್ಲಿ 51. ಹೊಸದೆಲ್ಲವೂ ಹಳೆಯದಕ್ಕಿಂತ ಮೇಲೆಂದು ಭಾವಿಸಬೇಕಾಗಿಲ್ಲ.

ಔಷಧ ಮತ್ತು ಪಥ್ಯ

ದಾರಿ ಅಗಲವಾದ ಮಾತ್ರಕ್ಕೆ ಔಷಧ ನಿಲ್ಲಿಸುವುದು ಅನೇಕರು ಮಾಡುವ ತಪ್ಪು. ಒಳಗಿನ ಉರಿಯೂತವನ್ನು ಹದ್ದಿನಲ್ಲಿಡದಿದ್ದರೆ ಇಕ್ಕಟ್ಟು ಮರಳುತ್ತದೆ. ಸ್ಟೀರಾಯ್ಡ್ ಔಷಧಗಳು ಊತವನ್ನು ಬೇಗ ಇಳಿಸುತ್ತವೆಯಾದರೂ ದೀರ್ಘಕಾಲ ಸೇವಿಸತಕ್ಕವಲ್ಲ. ಅಜಥಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮ್ಯಾಬ್ ಮುಂತಾದವುಗಳಿಂದ ಕಾಯಿಲೆಯನ್ನು ವರ್ಷಗಟ್ಟಲೆ ಶಾಂತವಾಗಿಡುವುದು ಸಾಧ್ಯ. ಕೊನೆಯ ಎರಡು ಚುಚ್ಚುಮದ್ದುಗಳು ದುಬಾರಿ. ಅಡಲಿಮ್ಯಾಬಿನ ದೇಶೀ ರೂಪ 2014ರಲ್ಲಿ ಭಾರತದ ಮಾರುಕಟ್ಟೆಗೆ ಬಂದಿತು. ಇವು ದೇಹದಲ್ಲಿ ಅಡಗಿರುವ ಕ್ಷಯವನ್ನು ಎಬ್ಬಿಸಬಲ್ಲವಾದುದರಿಂದ ಆರಂಭಿಸುವ ಮೊದಲು ಎದೆಯ ಚಿತ್ರ ಮತ್ತು ಕ್ಷಯದ ಪರೀಕ್ಷೆ ಕಡ್ಡಾಯವೆನ್ನಬಹುದು.

ಬೀಡಿ, ಸಿಗರೇಟು ಕ್ರೋನ್ಸ್ ಕಾಯಿಲೆಗೆ ಎಣ್ಣೆ ಹೊಯ್ದಂತೆ. ಶಸ್ತ್ರಚಿಕಿತ್ಸೆಯ ಬಳಿಕ ರೋಗ ಬೇಗ ಮರುಕಳಿಸುವುದು ಧೂಮಪಾನಿಗಳಲ್ಲೇ. ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫಿನಾಕ್ ಮುಂತಾದ ಗುಳಿಗೆಗಳನ್ನು ತಾವೇ ಕೊಂಡು ನುಂಗುವುದೂ ಅಪಾಯ. ಬಾಯಿಂದ ನುಂಗುವ ಕ್ಯಾಮೆರಾ ಗುಳಿಗೆಯ ಪರೀಕ್ಷೆಯನ್ನು ಯಾರಾದರೂ ಸೂಚಿಸಿದರೆ, ಇಕ್ಕಟ್ಟು ಇರಬಹುದೆಂಬುದನ್ನು ಮೊದಲೇ ತಿಳಿಸಬೇಕು. ಆ ಗುಳಿಗೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳಬಹುದು.

ಇಕ್ಕಟ್ಟು ಇರುವಷ್ಟು ಕಾಲ ನಾರು ಕಡಿಮೆಯಿರುವ ಮೆತ್ತಗಿನ ಆಹಾರ ಒಳ್ಳೆಯದು. ಕರಾವಳಿಯವರಿಗೆ ಪ್ರಿಯವಾದ ಬಾಳೆದಿಂಡು, ಕಣಿಲೆ, ಬಸಳೆಯ ದಂಟು, ನುಗ್ಗೆಕಾಯಿಯ ನಾರು, ಹಲಸಿನ ತೊಳೆ. ಬಯಲುಸೀಮೆಯವರು ರೊಟ್ಟಿಯೊಡನೆ ತಿನ್ನುವ ಹಸಿ ಮೂಲಂಗಿ, ಹಸಿ ಸೊಪ್ಪು. ಕಿತ್ತಳೆಯ ತೊಳೆಯ ಸಿಪ್ಪೆ, ಮೆಕ್ಕೆಜೋಳದ ತೆನೆ, ಹುರಿಗಡಲೆ ಇವು ಇಕ್ಕಟ್ಟಿನಲ್ಲಿ ಮುದ್ದೆಗಟ್ಟಿ ನಿಲ್ಲಬಹುದು. ಮೆತ್ತಗೆ ಬೆಂದ ಅನ್ನ, ಗಂಜಿ, ಇಡ್ಲಿ, ಹೆಸರುಬೇಳೆಯ ತೊವ್ವೆ, ಸಿಪ್ಪೆ ಬೀಜ ತೆಗೆದ ಸೋರೆಕಾಯಿ, ಬೂದುಗುಂಬಳ, ಮಜ್ಜಿಗೆ, ತಿನ್ನುವವರಿಗೆ ಮೊಟ್ಟೆ ಮತ್ತು ಮುಳ್ಳು ತೆಗೆದ ಮೀನು ಹಿತವಾದವು. ಸ್ವಲ್ಪಸ್ವಲ್ಪವಾಗಿ, ದಿನಕ್ಕೆ ಐದಾರು ಬಾರಿ, ಚೆನ್ನಾಗಿ ಅಗಿದು ಉಣ್ಣಬೇಕು. ದಾರಿ ಅಗಲವಾದ ಬಳಿಕ ವೈದ್ಯರ ಸಲಹೆಯಂತೆ ಒಂದೊಂದಾಗಿ ಎಲ್ಲವನ್ನೂ ಮತ್ತೆ ಸೇರಿಸಿಕೊಳ್ಳಬಹುದು. ಆಯುಷ್ಯಪೂರ್ತಿ ಗಂಜಿಯೇ ಗತಿಯೆಂದು ಕಂಗೆಡಬೇಕಾಗಿಲ್ಲ.

ಮುಂಬಯಿಗೂ ಊರಿಗೂ ನಡುವೆ

ಮುಂಬಯಿ ಕನ್ನಡಿಗರಲ್ಲಿ ಅನೇಕರಿಗೆ ವೈದ್ಯರೂ ಇಬ್ಬರು: ಇಲ್ಲಿ ಒಬ್ಬರು, ಊರಿನಲ್ಲಿ ಒಬ್ಬರು. ಪರೇಲಿನ ಕೆ.ಇ.ಎಂ., ಮುಂಬಯಿ ಸೆಂಟ್ರಲಿನ ನಾಯರ್, ಸಯನಿನ ಲೋಕಮಾನ್ಯ ತಿಲಕ್ ಮುಂತಾದ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಉದರರೋಗದ ವಿಭಾಗಗಳಿವೆ. ಪನವೇಲದಲ್ಲಿ ಮತ್ಸ್ಯಗಂಧ ಹತ್ತಿ ಊರಿಗೆ ಹೋದವರು ಮಣಿಪಾಲದಲ್ಲಿ ತೋರಿಸಿಕೊಂಡು ಬರುವುದೂ ಉಂಟು. ಇದರಲ್ಲಿ ತಪ್ಪೇನಿಲ್ಲ. ಆದರೆ ಈ ಕಾಯಿಲೆಯ ನಿರ್ಣಯ ಒಂದು ದಿನದ ನೋಟದಿಂದ ಆಗುವಂಥದಲ್ಲ. ಎರಡು ವರ್ಷದ ಹಿಂದಿನ ಚಿತ್ರದೊಡನೆ ಇಂದಿನ ಚಿತ್ರವನ್ನು ಹೋಲಿಸಿದಾಗಲೇ ಇಕ್ಕಟ್ಟು ಬೆಳೆದಿದೆಯೇ ಇಳಿದಿದೆಯೇ ಎಂಬುದು ತಿಳಿಯುವುದು. ಅಂತರ್ದರ್ಶಕದ ವರದಿ, ಬಯಾಪ್ಸಿಯ ವರದಿ ಮತ್ತು ಅದರ ಗಾಜಿನ ಪಟ್ಟಿ, ಸ್ಕ್ಯಾನಿನ ತಟ್ಟೆ, ಕ್ಷಯದ ಔಷಧ ತೆಗೆದುಕೊಂಡಿದ್ದರೆ ಆರಂಭಿಸಿದ ಮತ್ತು ನಿಲ್ಲಿಸಿದ ದಿನಾಂಕ, ಬಲೂನಿನಿಂದ ಎಷ್ಟು ಮಿಲಿಮೀಟರಿನವರೆಗೆ ಅಗಲಿಸಿದರೆಂಬ ವಿವರ ಇವೆಲ್ಲ ಒಂದೇ ಫೈಲಿನಲ್ಲಿದ್ದು ರೋಗಿಯ ಜೊತೆಗೇ ಪ್ರಯಾಣಿಸಬೇಕು. ಫೈಲು ಊರಿನಲ್ಲೂ ರೋಗಿ ಖಾರಘರದಲ್ಲೂ ಇದ್ದರೆ ಹೊಸ ವೈದ್ಯರು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಚಿಕಿತ್ಸೆಗೆ ಒಪ್ಪುವ ಮೊದಲು ವೈದ್ಯರನ್ನು ಕೆಲವು ಪ್ರಶ್ನೆ ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಇದು ಕ್ರೋನ್ಸ್ ಎಂದು ಖಚಿತವೇ, ಕ್ಷಯ ಮತ್ತು ಕ್ಯಾನ್ಸರ್ ಅಲ್ಲವೆಂದು ಹೇಗೆ ತಿಳಿಯಿತು? ಇಕ್ಕಟ್ಟಿನಲ್ಲಿ ಊತವೆಷ್ಟು, ಕಲೆಯೆಷ್ಟು? ಅದರ ಉದ್ದವೆಷ್ಟು? ಬಲೂನಿನಿಂದ ಕೆಲಸವಾಗದಿದ್ದರೆ ಮುಂದೇನು? ಆ ಬಳಿಕ ಯಾವ ಔಷಧ, ಎಷ್ಟು ಕಾಲ? ಅನುಭವಿಗಳಾದ ವೈದ್ಯರು ಇಂಥ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ತಿಳಿದು ಒಪ್ಪಿದ ರೋಗಿ ಚಿಕಿತ್ಸೆಗೆ ಸಹಕರಿಸುತ್ತಾನೆಂಬುದು ಅವರಿಗೆ ಗೊತ್ತು.

ಮನೆಯಲ್ಲಿ ಯಾರಾದರೂ ಊಟದ ಬಳಿಕ ಪದೇಪದೇ ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ವಾರಗಟ್ಟಲೆ ಬೇಧಿಯಾಗುತ್ತಿದ್ದರೆ, ಮಲದಲ್ಲಿ ರಕ್ತ ಕಾಣುತ್ತಿದ್ದರೆ ಅದನ್ನು ಗ್ಯಾಸಿನ ಲೆಕ್ಕಕ್ಕೆ ಸೇರಿಸದೆ ಉದರತಜ್ಞರಿಗೆ ತೋರಿಸುವುದು ಕ್ಷೇಮ. ಇಕ್ಕಟ್ಟು ಚಿಕ್ಕದಿರುವಾಗಲೇ ಗುರುತಿಸಿದರೆ ಔಷಧಕ್ಕೂ ಬಲೂನಿಗೂ ಅವಕಾಶ ಉಳಿದಿರುತ್ತದೆ. ಕರುಳು ಪೂರ್ತಿ ಕಟ್ಟಿಕೊಂಡು ನಡುರಾತ್ರಿ ಆಸ್ಪತ್ರೆ ಸೇರಿದವರಿಗೆ ಆ ಆಯ್ಕೆ ಅನೇಕ ಸಲ ಉಳಿದಿರುವುದಿಲ್ಲ.